ಹಾಜರಿ ಪುಸ್ತಕದ ಒಂಬತ್ತನೇ ನಂಬರ್

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಶಾಲೆ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಈಗ ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ಪರೀಕ್ಷೆ ಭಯ, ಮೊಬೈಲ್ ಗೀಳು, ಅಪ್ಪ ಅಮ್ಮನ ಒತ್ತಡ ಎಲ್ಲವೂ ಬರುತ್ತದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಅದರಲ್ಲಿ ಒಂದು ವಿಷಯ ಮಾತ್ರ ಎಲ್ಲೂ ಕಾಣಲಿಲ್ಲ: ದನಿ, ನಡಿಗೆ ಬೇರೆ ಇರುವ ಮಕ್ಕಳನ್ನು, ಸಲಿಂಗಿ ಮಕ್ಕಳನ್ನು ಶಾಲೆಯಲ್ಲಿ ಹಂಗಿಸುವುದು. ಅದನ್ನು ಹೇಳಲೆಂದೇ ಈ ಪತ್ರ.

ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೆಲುದನಿ, ಚಂದದ ಕೈಬರಹ. ಹಾಜರಿ ಪುಸ್ತಕದಲ್ಲಿ ಅವನ ನಂಬರ್ 9. ನಮ್ಮ ಕಡೆ ಹೆಣ್ಣಿನ ಹಾಗೆ ಮಾತಾಡುವ, ನಡೆಯುವ ಗಂಡಸರಿಗೆ ‘ಒಂಬತ್ತು’ ಅನ್ನುವ ಹೀನ ಮಾತಿದೆ. ನಾನು ‘ನಂಬರ್ ನೈನ್’ ಎಂದು ಕರೆದ ಕೂಡಲೇ ಹಿಂದಿನ ಬೆಂಚಿನಿಂದ ನಗು ಶುರುವಾಗುತ್ತಿತ್ತು. ನಾನು ಡಸ್ಟರ್ ತಗೊಂಡು ಮೇಜಿಗೆ ಕುಟ್ಟಿ ‘ಸೈಲೆನ್ಸ್’ ಅನ್ನುತ್ತಿದ್ದೆ. ಅಷ್ಟೇ. ಒಂದು ದಿನ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಮಿಸ್, ನನ್ನ ನಂಬರ್ ಬದಲಾಯಿಸೋಕೆ ಆಗುತ್ತಾ?’ ಎಂದು ಕೇಳಿದ. ‘ಅಕ್ಷರದ ಪ್ರಕಾರ ಬರುತ್ತೆ ಕಣೋ, ನಾನೇನು ಮಾಡ್ಲಿ’ ಎಂದು ಕಳಿಸಿಬಿಟ್ಟೆ.

ಆಮೇಲೆ ಅವನು ‘ಎಸ್ ಮಿಸ್’ ಅನ್ನುವುದನ್ನೇ ಬಿಟ್ಟ. ಸುಮ್ನೆ ಕೈ ಎತ್ತುತ್ತಿದ್ದ. ದಿನವಿಡೀ ನೀರು ಕುಡಿಯುತ್ತಿರಲಿಲ್ಲವಂತೆ. ಕುಡಿದರೆ ಹುಡುಗರ ಟಾಯ್ಲೆಟ್ಟಿಗೆ ಹೋಗಬೇಕಲ್ಲ, ಅಲ್ಲಿ ಹೋದರೆ ಸುತ್ತುವರಿದು ಚಡ್ಡಿ ಎಳೆಯುತ್ತಿದ್ದರು. ತಲೆನೋವು ಎಂದು ರಜೆ ಜಾಸ್ತಿಯಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅವನು ಕೂರಲೇ ಇಲ್ಲ. ನೀರಿನ ಸಂಗತಿ ನನಗೆ ಗೊತ್ತಾದದ್ದು ಅವನು ಶಾಲೆ ಬಿಟ್ಟ ಮೇಲೆ, ಅವನ ತಂಗಿಯಿಂದ.

ಅವನಿಗೆ ಗಂಡು ಇಷ್ಟವೋ ಹೆಣ್ಣು ಇಷ್ಟವೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ದನಿ, ನಡಿಗೆ ಬೇರೆ ಇದ್ದರೆ ಸಾಕು, ಈ ಏಟು ಬೀಳುತ್ತದೆ. ಹೆಣ್ಣುಮಕ್ಕಳಿಗೆ ‘ಗಂಡುಬೀರಿ’ ಎಂದು ಬೀಳುತ್ತದೆ. ಅದೇ ತರಗತಿಯಲ್ಲಿ ನಿಜವಾಗಿಯೂ ಸಲಿಂಗಿಯಾದ ಇನ್ನೊಂದು ಮಗು ಬಾಯಿ ಬಿಡದೆ ಕೂತಿರುತ್ತದಲ್ಲ, ಅದಕ್ಕೂ ಆ ನಗು ಕೇಳಿಸುತ್ತದೆ. ನನ್ನ ಗುಟ್ಟು ಗೊತ್ತಾದರೆ ನನಗೂ ಇದೇ ಗತಿ ಎಂದು ಅದು ಕಲಿಯುತ್ತದೆ. ಟೀಚರ್ ಸುಮ್ಮನಿದ್ದಾರೆ ಅನ್ನುವುದನ್ನೂ ಕಲಿಯುತ್ತದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಯುನೆಸ್ಕೋ ತಮಿಳುನಾಡಿನಲ್ಲಿ ಮಾಡಿಸಿದ ಅಧ್ಯಯನದಲ್ಲಿ, ಲಿಂಗತ್ವ ಅಲ್ಪಸಂಖ್ಯಾತರಲ್ಲಿ (ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಮುಂತಾದವರು) ಸುಮಾರು ಮೂರರಲ್ಲಿ ಒಬ್ಬರು ತಾವು ಶಾಲೆ ಬಿಡಲು ಈ ಕಿರುಕುಳವೂ ಕಾರಣ ಎಂದಿದ್ದರು. ಶಾಲೆಯವರಿಗೆ ದೂರು ಕೊಟ್ಟವರು ಶೇ 18ರಷ್ಟು ಮಾತ್ರ. ನನ್ನ ಬಳಿ ಬಂದು ನಂಬರ್ ಬದಲಾಯಿಸಿ ಎಂದವನೂ ದೂರು ಕೊಟ್ಟಿರಲಿಲ್ಲ, ನೋಡಿ. ಕೇಳಿಸಿಕೊಳ್ಳುವವರಿಗೆ ಅದು ದೂರು ಎಂದು ಗೊತ್ತಾಗಬೇಕಿತ್ತು. 2022ರ ಫೆಬ್ರವರಿಯಲ್ಲಿ ಫರಿದಾಬಾದಿನಲ್ಲಿ 10ನೇ ತರಗತಿಯ ಹುಡುಗನೊಬ್ಬ ಇಂಥದೇ ಕಿರುಕುಳದಿಂದ ನೊಂದು ಜೀವ ಕಳೆದುಕೊಂಡ. ಅವನ ತಾಯಿಯೂ ಅದೇ ಶಾಲೆಯಲ್ಲಿ ಟೀಚರ್.

ಸಲಿಂಗಿಯಾಗಿರುವುದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದು ಅಪರಾಧವೂ ಅಲ್ಲ ಎಂದಿತು. ‘ಸರಿ ಮಾಡಿಕೊಡ್ತೀವಿ’ ಎಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿಗೆ ವಿರುದ್ಧವಾದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಮಕ್ಕಳ ಮನಸ್ಸನ್ನು ಹಾಳು ಮಾಡುವುದು ದಿನದಿನದ ಆ ನಗು, ಆ ಒಂಟಿತನ. ಇಷ್ಟನ್ನು ಒಂದು ಪೀರಿಯಡ್ಡಿನಲ್ಲಿ 14 ವರ್ಷದ ಮಕ್ಕಳಿಗೆ ಹೇಳಬಹುದು. ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

‘ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡ್ತಾರೆ’ ಎಂದು ಪೋಷಕರು ಹೆದರುತ್ತಾರೆ. ಅವರ ಭಯ ನನಗೆ ಗೊತ್ತು, ನಾನೂ ತಾಯಿ. ಆದರೆ ಮಕ್ಕಳಿಗೆ ‘ಒಂಬತ್ತು’ ಅನ್ನುವ ಪದ ಆಗಲೇ ಗೊತ್ತಿದೆ, ಅಲ್ವಾ? ನಾವು ಕಲಿಸದೇ ಇರುವುದು ಅದರಿಂದ ಆಗುವ ನೋವನ್ನು ಮಾತ್ರ. 2007ರಲ್ಲಿ ಲೈಂಗಿಕ ಶಿಕ್ಷಣ ಬೇಡ ಎಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಮಕ್ಕಳು ಅದನ್ನೆಲ್ಲ ಬೇರೆ ಕಡೆಯಿಂದ, ಅರ್ಧಂಬರ್ಧವಾಗಿ ಕಲಿತರು. 2021ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಟ್ರಾನ್ಸ್‌ಜೆಂಡರ್ ಮಕ್ಕಳ ಬಗ್ಗೆ ಶಿಕ್ಷಕರಿಗೊಂದು ಕೈಪಿಡಿ ತಂದು, ಆಕ್ಷೇಪ ಬಂದ ಕೂಡಲೇ ವೆಬ್‌ಸೈಟಿನಿಂದ ತೆಗೆದುಹಾಕಿತು. ನನಗೆ ತುಂಬಾ ಬೇಸರವಾದ ಸಂಗತಿ ಅದು. ಅಂಥದ್ದೊಂದು ಕೈಪಿಡಿ ನನ್ನ ಕೈಯಲ್ಲಿದ್ದಿದ್ದರೆ ಡಸ್ಟರ್ ಕುಟ್ಟುವ ಬದಲು ಬೇರೇನಾದರೂ ಮಾಡುತ್ತಿದ್ದೆನೇನೋ.

ನಿವೃತ್ತಿಗೆ ಮುಂಚಿನ ನಾಲ್ಕು ವರ್ಷ ನಾನು ಹಾಜರಿಯನ್ನು ಹೆಸರು ಹಿಡಿದೇ ಕರೆದೆ. ಅದರಿಂದ ನಗು ನಿಲ್ಲಲಿಲ್ಲ, ತರಗತಿಯಿಂದ ಟಾಯ್ಲೆಟ್ ಹತ್ತಿರಕ್ಕೆ, ಬಸ್ ಸ್ಟಾಪಿಗೆ ಹೋಯಿತು. ಆ ಮಾತನ್ನೇ ಎದುರಿಗಿಟ್ಟುಕೊಂಡು ಮಕ್ಕಳ ಜೊತೆ ಮಾತಾಡದೆ ಬೇರೆ ದಾರಿ ಇಲ್ಲ. ಸುಮ್ನೆ ‘ಯಾರನ್ನೂ ರೇಗಿಸಬೇಡಿ’ ಎಂದರೆ ಆಗಲ್ಲ.

ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ಬಗ್ಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ ಇದೆ. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಒಬ್ಬರಾದರೂ ಆಪ್ತಸಮಾಲೋಚಕರು ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು ಎಂದು ಅದರಲ್ಲಿದೆ. ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದೂ ಸೇರಿದೆ. ನಮ್ಮ ಶಿಕ್ಷಣ ಇಲಾಖೆ ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ತರಬೇತಿಯಲ್ಲಿ, ಬಿ.ಇಡಿ. ಪಾಠದಲ್ಲಿ ಇದಕ್ಕೆ ಒಂದು ದಿನ ಕೊಡಲಿ. ಎಂಟು, ಒಂಬತ್ತನೇ ತರಗತಿಗೆ ಕನ್ನಡದಲ್ಲೇ ಒಂದು ಪಾಠ ಮಾಡಿಸಲಿ, ಆ ಕೆಲಸಕ್ಕೆ ನಮ್ಮ ರಾಜ್ಯದ ಲಿಂಗತ್ವ ಅಲ್ಪಸಂಖ್ಯಾತ ಸಂಘಟನೆಯವರನ್ನೂ ನಿಮ್ಹಾನ್ಸ್ ವೈದ್ಯರನ್ನೂ ಕೂರಿಸಿಕೊಳ್ಳಲಿ. ಮನಸ್ಸಿನ ಆರೋಗ್ಯಕ್ಕೆಂದು ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡೂ ಇಲ್ಲ. ಆ ನಂಬರನ್ನು ಹೆಡ್‌ಮಾಸ್ಟರ್ ಕೋಣೆಯಲ್ಲಿ ಅಂಟಿಸಬೇಡಿ. ಮಕ್ಕಳು ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳುವ ಹಾಗೆ ಡೈರಿಯ ಒಳಪುಟದಲ್ಲಿ ಅಚ್ಚು ಹಾಕಿಸಿ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ ಜಿಲ್ಲೆ