ಕೆಸರಿನ ರಾಕ್ಷಸ: ಯೊಕ್ಕಾಯಿಚಿಯಿಂದ ಅಕ್ಕನಿಗೆ

ಯೊಕ್ಕಾಯಿಚಿ, ಜಪಾನ್
ಜುಲೈ 25

ಪ್ರೀತಿಯ ಅಕ್ಕ,

ಅಮ್ಮನ ಮಂಡಿನೋವಿಗೆ ಹೊಸ ಎಣ್ಣೆ ಹಚ್ಚುತ್ತಿದ್ದೀಯಂತೆ, ಸ್ವಲ್ಪವಾದರೂ ಇಳಿಯಿತೇ? ಭಾವನಿಗೆ ನನ್ನ ನಮಸ್ಕಾರ ತಿಳಿಸು. ಇಲ್ಲಿ ಮಳೆಗಾಲ ಮುಗಿದು ಸೆಕೆ ಶುರುವಾಗಿದೆ. ಮಂಗಳೂರಿನ ಸೆಕೆ ನೆನಪಿದೆಯಲ್ಲ, ಹಾಗೇ, ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ.

ಹೋದ ಭಾನುವಾರ ಪುಟ್ಟ ಫೋನಿನಲ್ಲಿ ಕೇಳಿದನಲ್ಲ, "ಮಾಮ, ಗಾಡ್ಜಿಲ್ಲಾ ಜೊತೆ ಫೈಟ್ ಮಾಡೋರಲ್ಲಿ ಎಲ್ಲರಿಗಿಂತ ಕೆಟ್ಟೋನು ಯಾರು?" ಅಂತ. ಆಗ ಬಸ್ಸು ಬಂದುಬಿಟ್ಟಿತು, ಉತ್ತರ ಹೇಳಲಾಗಲಿಲ್ಲ. ಇಲ್ಲಿಯ ಯಾವ ಹುಡುಗನನ್ನು ಕೇಳಿದರೂ ಕಿಂಗ್ ಗಿಡೊರಾ ಅನ್ನುತ್ತಾನೆ. ಮೂರು ತಲೆ, ಎರಡು ಬಾಲ, ಮೈಯೆಲ್ಲ ಚಿನ್ನದ ಬಣ್ಣ, 1964ರಿಂದ ಮತ್ತೆ ಮತ್ತೆ ಆಕಾಶದಿಂದ ಇಳಿದು ಬರುವವನು. ಆಟಿಕೆ ಅಂಗಡಿಯಲ್ಲೂ ಅವನದೇ ದರ್ಬಾರು. ಆದರೆ ನನ್ನ ಮಟ್ಟಿಗೆ ಅತಿ ಕೆಟ್ಟವನು ಬೇರೆ, ಅವನ ಹೆಸರು ಹೆಡೊರಾ. ಹೆಡೊರೊ ಅಂದರೆ ಜಪಾನಿನಲ್ಲಿ ಕೊಳಚೆ ಕೆಸರು, ಕಾರ್ಖಾನೆಯ ನೀರು ಹೋಗಿ ಹೋಗಿ ಬಂದರಿನ ತಳದಲ್ಲಿ ಕಟ್ಟುವ ಕಪ್ಪು ರೊಚ್ಚು.

ನಿನ್ನೆ ರಾತ್ರಿ ಅವನು ಬರುವ "ಗಾಡ್ಜಿಲ್ಲಾ ವರ್ಸಸ್ ಹೆಡೊರಾ" ಸಿನಿಮಾವನ್ನು ಎರಡನೇ ಸಲ ನೋಡಿದೆ. ಕೆಳಮನೆಯ ಒಬಾಸಾನ್ ಜೊತೆಗೆ (ವಯಸ್ಸಾದ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ). ಅವರ ವಿಷಯ ಮುಂದೆ ಹೇಳುತ್ತೇನೆ. ಬೇಕೆಂದೇ ನಿನ್ನೆಯ ದಿನ ಆರಿಸಿದ್ದು, ಯಾಕೆಂದರೆ ಅದು ತೆರೆ ಕಂಡದ್ದು 1971ರ ಜುಲೈ 24ರಂದು.

ಹೆಡೊರಾ ಮೊದಲಿಗೆ ಬರುವುದು ಗೊದಮೊಟ್ಟೆಯಾಗಿ. ಒಬ್ಬ ಬೆಸ್ತರ ಮುದುಕ ಸುರುಗಾ ಕೊಲ್ಲಿಯಲ್ಲಿ ಸಿಕ್ಕಿದ ಕಪ್ಪು ಗೊದಮೊಟ್ಟೆಯಂಥದ್ದನ್ನು ಒಬ್ಬ ವಿಜ್ಞಾನಿಯ ಮನೆಗೆ ತಂದುಕೊಡುತ್ತಾನೆ. ಮೂಲ ಬೀಜ ಬಾಹ್ಯಾಕಾಶದ್ದು, ಆದರೆ ಅದಕ್ಕೆ ಅನ್ನ ಹಾಕಿದ್ದು ಇಲ್ಲಿಯ ಸಮುದ್ರ. ಚೂರು ಚೂರಾದರೂ ಸಾಯುವುದಿಲ್ಲ, ಚೂರುಗಳು ತಾವೇ ಹತ್ತಿರ ಬಂದು ಕೂಡಿಕೊಂಡು ದೊಡ್ಡದಾಗುತ್ತವೆ. ಆಮೇಲೆ ನೆಲಕ್ಕೆ ಹತ್ತಿ ಕಾರ್ಖಾನೆಯ ಚಿಮಣಿಗೆ ಬಾಯಿ ಇಟ್ಟು ಹುಕ್ಕಾ ಸೇದಿದ ಹಾಗೆ ಹೊಗೆ ಎಳೆಯುತ್ತದೆ. ಕೆಂಪು ಕಣ್ಣು ಅರೆ ಮುಚ್ಚಿಕೊಂಡು, ಎಷ್ಟು ಸುಖವಾಗಿ ಸೇದುತ್ತದೆ ಅಂದರೆ ನೋಡುವವರಿಗೆ ಹೊಟ್ಟೆ ತೊಳಸುತ್ತದೆ. ಬಲ ಬಂದಮೇಲೆ ಹಾರತೊಡಗುತ್ತದೆ, ಹಾರಿದಲ್ಲೆಲ್ಲ ಗಂಧಕಾಮ್ಲದ ಮಂಜು. ಮಂಜು ತಾಗಿದ ಜನ ನಿಂತಲ್ಲೇ ಕುಸಿದು ಎಲುಬಾಗುತ್ತಾರೆ.

ಅದಕ್ಕಿಂತ ನನ್ನ ಕಣ್ಣಿಗೆ ಕಟ್ಟಿರುವುದು ಒಂದು ಬೆಕ್ಕಿನ ಮರಿ. ಮೈತುಂಬ ಕೆಸರು ಮೆತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಅಳುತ್ತದೆ. ಎರಡನೇ ಸಲ ನೋಡುವಾಗಲೂ ಮುಖ ತಿರುಗಿಸಿದೆ. ಪುಟ್ಟನಿಗೆ ಈಗಲೇ ತೋರಿಸಬೇಡ, ಹತ್ತು ಹನ್ನೆರಡು ವರ್ಷ ಆಗಲಿ. ಕಥೆಯಲ್ಲಿ ಗಾಡ್ಜಿಲ್ಲಾ ಆಟಿಕೆ ಹಿಡಿದುಕೊಂಡು ಓಡಾಡುವ ಕೆನ್ ಎಂಬ ಹುಡುಗನಿದ್ದಾನೆ, ಆ ವಿಜ್ಞಾನಿಯ ಮಗ. ಅವನನ್ನು ನೋಡಿದಾಗಲೆಲ್ಲ ನನಗೆ ಪುಟ್ಟನೇ ಕಾಣುತ್ತಾನೆ.

ಸಿನಿಮಾ ಮಾಡಿದವರು ಯೊಶಿಮಿತ್ಸು ಬನ್ನೊ. ಜಪಾನಿನ ಹೆಸರಾಂತ ನಿರ್ದೇಶಕ ಅಕಿರಾ ಕುರೊಸಾವಾ ಕೈಕೆಳಗೆ ಸಹಾಯಕ ನಿರ್ದೇಶಕರಾಗಿ ಪಳಗಿದವರು, ಕಥಾಚಿತ್ರ ಅಂತ ತಾವೇ ನಿರ್ದೇಶಿಸಿದ್ದು ಇದೇ ಮೊದಲು. ಕಪ್ಪು ಹೊಗೆ ಕವಿದ ನಮ್ಮ ಈ ಯೊಕ್ಕಾಯಿಚಿಯನ್ನು, ನೊರೆ ತುಂಬಿದ ಸಮುದ್ರವನ್ನು ಕಂಡು ಅವರಿಗೆ ಈ ರಾಕ್ಷಸ ಹೊಳೆದದ್ದಂತೆ. ನಡುನಡುವೆ ಕಾರ್ಟೂನು ಬರುತ್ತದೆ, "ಸೂರ್ಯನನ್ನು ವಾಪಸ್ ಕೊಡಿ" ಅನ್ನುವ ಹಾಡು ಬರುತ್ತದೆ, ಗಾಡ್ಜಿಲ್ಲಾ ಬಾಯಿಂದ ಬೆಂಕಿ ಉಗುಳುತ್ತ ಹಿಂದುಮುಂದಾಗಿ ಹಾರುತ್ತಾನೆ ಕೂಡ. ಅದು ನನಗೆ ಅಷ್ಟು ಹಿಡಿಸಲಿಲ್ಲ. ನಿರ್ಮಾಪಕರಿಗೂ ಒಟ್ಟು ಸಿನಿಮಾವೇ ಹಿಡಿಸಲಿಲ್ಲವಂತೆ, ಬನ್ನೊ ಕೈಗೆ ಮತ್ತೆ ಗಾಡ್ಜಿಲ್ಲಾ ಸಿನಿಮಾದ ನಿರ್ದೇಶನ ಬರಲೇ ಇಲ್ಲ. ಪುಟ್ಟನಿಗೆ ಒಂದು ಸಂಗತಿ ಮಾತ್ರ ತಪ್ಪದೆ ಹೇಳು: ಹೆಡೊರಾ ವೇಷದೊಳಗೆ ಇದ್ದ ಕೆನ್‌ಪಚಿರೊ ಸತ್ಸುಮಾ ಅವರೇ ಮುಂದೆ 1984ರಿಂದ 1995ರವರೆಗೆ ಗಾಡ್ಜಿಲ್ಲಾ ವೇಷ ತೊಟ್ಟರು. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷದವರ ಬೆವರು ನೋಡಿದ್ದೀಯಲ್ಲ, ಅದಕ್ಕೂ ಹೆಚ್ಚಿನ ಭಾರ ಹೊತ್ತು ಕುಣಿದವರು.

ಈಗ ಒಬಾಸಾನ್ ವಿಷಯ. ಅವರು ಹುಟ್ಟಿದ್ದು ಇಸೊಜು ಅನ್ನುವ ಬೆಸ್ತರ ಕೇರಿಯಲ್ಲಿ. ನದಿಯ ಆಚೆ ದಡದಲ್ಲೇ ಪೆಟ್ರೋಲಿಯಂ ಕಾರ್ಖಾನೆಗಳ ಸಾಲು, 1959ರಿಂದ ಅವು ಉರಿಯತೊಡಗಿದವು. ಹೊರದೇಶದ ಕಚ್ಚಾ ಎಣ್ಣೆಯಲ್ಲಿ ಗಂಧಕ ಜಾಸ್ತಿ, ಉರಿಸಿದರೆ ಸಲ್ಫರ್ ಡೈಆಕ್ಸೈಡ್. ಮೊದಲು ಕೆಟ್ಟದ್ದು ಮೀನು. ಕುದಿಸಿದರೆ ಸೀಮೆಎಣ್ಣೆ ವಾಸನೆ, ಮಾರುಕಟ್ಟೆಯಲ್ಲಿ ಕೊಳ್ಳುವವರಿಲ್ಲ. ಆಮೇಲೆ ಜನರ ಉಸಿರು. ಸೆಕೆಗಾಲದಲ್ಲೂ ಕಿಟಕಿ ಬಿಗಿದುಕೊಂಡು ಮಲಗುತ್ತಿದ್ದರಂತೆ. ಒಬಾಸಾನ್‌ರ ತಮ್ಮನಿಗೆ ಉಬ್ಬಸ. ಮಲಗಿದರೆ ಉಸಿರು ಸಿಗದೆ ರಾತ್ರಿಯಿಡೀ ಕೂತೇ ಇರುತ್ತಿದ್ದ, ಅಮ್ಮ ಬೆನ್ನು ನೀವುತ್ತಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಹಳದಿ ಮಾಸ್ಕ್ ಹಂಚಿದ್ದರು, ಸಾಲಾಗಿ ನಿಲ್ಲಿಸಿ ಗಂಟಲು ಮುಕ್ಕಳಿಸುತ್ತಿದ್ದರು. ಅದೇ ಮಕ್ಕಳು ಬೆಳಿಗ್ಗೆ ಹಾಡುತ್ತಿದ್ದ ಶಾಲೆಯ ಹಾಡಿನಲ್ಲಿ ಆ ಕಾರ್ಖಾನೆಗಳೇ ಜಪಾನಿನ ಆಶಾಕಿರಣ! ಮುಂದೆ ಆ ಸಾಲುಗಳನ್ನು ಬದಲಿಸಿದರು. ಒಬಾಸಾನ್‌ಗೆ ಹಳೆಯ ಸಾಲೇ ಬಾಯಿಗೆ ಬರುತ್ತದೆ. ನಿನ್ನೆ ಅರ್ಧ ಹಾಡಿ ನಿಲ್ಲಿಸಿಬಿಟ್ಟರು.

ಹೆಡೊರಾ ಚಿಮಣಿ ಸೇದುವ ದೃಶ್ಯ ಬಂದಾಗ ಅವರು ಟೀಕಪ್ಪು ಕೆಳಗಿಟ್ಟು, "ಇವನು ಮಾಡಿದ್ದೇನು? ಕೊಟ್ಟದ್ದನ್ನು ತಿಂದ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಇಸೊಜುವಿನ ಒಂಬತ್ತು ಮಂದಿ ರೋಗಿಗಳು 1967ರಲ್ಲಿ ಆರು ಕಂಪನಿಗಳ ಮೇಲೆ ದಾವೆ ಹಾಕಿದರು. ಐದು ವರ್ಷ ನಡೆಯಿತು. ಯಾರ ಚಿಮಣಿಯ ಹೊಗೆ ಯಾರ ಎದೆಗೆ ಹೋಯಿತೆಂದು ಬಿಡಿಬಿಡಿಯಾಗಿ ಅಳೆಯಲು ಸಾಧ್ಯವೇ? ಕೋರ್ಟು ಆರೂ ಕಂಪನಿಗಳನ್ನು ಒಟ್ಟಿಗೆ ಹೊಣೆ ಮಾಡಿ ರೋಗಿಗಳ ಪರ ತೀರ್ಪು ಕೊಟ್ಟಿತು. ಆ ತಾರೀಖು ಕೇಳು ಅಕ್ಕ: 1972, ಜುಲೈ 24. ಸಿನಿಮಾ ಬಿಡುಗಡೆಯಾಗಿ ಸರಿಯಾಗಿ ಒಂದು ವರ್ಷಕ್ಕೆ! ಇದು ಕಾಕತಾಳೀಯವೇ ಇರಬಹುದು, ಆದರೆ ಇಲ್ಲಿಯ ಮಾಲಿನ್ಯ ಮ್ಯೂಸಿಯಂನಲ್ಲಿ ಆ ತಾರೀಖು ಓದಿದಾಗ ನನ್ನ ಮೈ ಜುಂ ಅಂದಿತು.

ಚಿಕ್ಕವರಿದ್ದಾಗ ಅಜ್ಜಿ ನವರಾತ್ರಿಯಲ್ಲಿ ಹೇಳುತ್ತಿದ್ದ ರಕ್ತಬೀಜಾಸುರನ ಕಥೆ ನೆನಪಿದೆಯಾ? ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ರಕ್ತಬೀಜ ಏಳುತ್ತಿದ್ದ. ಹೊಡೆದಷ್ಟೂ ಹೆಚ್ಚುತ್ತಿದ್ದ. ಕೊನೆಗೆ ಕಾಳಿ ನಾಲಿಗೆ ಚಾಚಿ ಹನಿ ನೆಲ ಮುಟ್ಟುವ ಮೊದಲೇ ಕುಡಿದಳು. ಹೆಡೊರಾನೂ ಹಾಗೇ, ಹೊಡೆದರೆ ಆಗುವುದಿಲ್ಲ, ಮೈಯ ನೀರು ಒಣಗಿಸಬೇಕು. ಫ್ಯೂಜಿ ಬೆಟ್ಟದ ಬುಡದಲ್ಲಿ ಸೈನ್ಯದವರು ಎರಡು ಭಾರಿ ವಿದ್ಯುತ್ ಫಲಕ ನಿಲ್ಲಿಸುತ್ತಾರೆ, ಹೊಡೆದಾಟದಲ್ಲಿ ಕರೆಂಟು ಹೋಗುತ್ತದೆ, ಗಾಡ್ಜಿಲ್ಲಾನೇ ಬೆಂಕಿಯುಗುಳಿ ಅದನ್ನು ಉರಿಸಬೇಕಾಗುತ್ತದೆ. ಅಷ್ಟರಲ್ಲಿ ಅವನ ಒಂದು ಕಣ್ಣು ಹೋಗಿದೆ, ಕೈ ಎಲುಬಿನವರೆಗೆ ಸುಟ್ಟಿದೆ. ಆದರೂ ಬಿಡುವುದಿಲ್ಲ, ಒಣಗಿದ್ದನ್ನು ಸೀಳಿ ಸೀಳಿ ಮತ್ತೆ ಒಣಗಿಸುತ್ತಾನೆ.

ಆಮೇಲೆ ಬರುವ ಒಂದು ಕ್ಷಣಕ್ಕಾಗಿಯೇ ನಾನು ಎರಡು ಸಲ ನೋಡಿದ್ದು. ಹೆಡೊರಾ ಪುಡಿಯಾಗಿದ್ದಾನೆ, ಗಾಡ್ಜಿಲ್ಲಾ ಹೊರಡಬೇಕು. ಹೊರಡುವ ಮೊದಲು ತಿರುಗಿ ಅಲ್ಲಿ ನಿಂತ ಮನುಷ್ಯರನ್ನು ದುರುಗುಟ್ಟಿ ನೋಡುತ್ತಾನೆ. ಗೆದ್ದವನ ನೋಟ ಅಲ್ಲ ಅದು. ಅಪ್ಪ ಸಿಟ್ಟು ಬಂದರೆ ಬೈಯದೆ ಬರೀ ನೋಡುತ್ತಿದ್ದರಲ್ಲ, ಹಾಗೆ. ಗಿಡೊರಾ ಬಂದರೆ ಅವನು ಹೊರಗಿನವನು, ನಾವೆಲ್ಲ ಒಂದು ಕಡೆ. ಹೆಡೊರಾ ಎದುರು ಆ ಧೈರ್ಯ ಇಲ್ಲ ಅಕ್ಕ, ಅವನು ನಮ್ಮ ಬಚ್ಚಲಿನಿಂದಲೇ ಹೋದವನು. ಕಟ್ಟಕಡೆಗೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಇನ್ನೂ ಒಂದು ಇದೆಯೇ?

ನನಗೆ ನಮ್ಮ ವರ್ತೂರು ಕೋಡಿಯೇ ಕಣ್ಣ ಮುಂದೆ ಬಂತು. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಹೊತ್ತಿ ಉರಿದಾಗ ನೀರಿಗೆ ಬೆಂಕಿ ಅಂದರೆ ಅಮ್ಮ ನಂಬಲೇ ಇಲ್ಲ, ಟಿವಿ ಹಚ್ಚಿ ತೋರಿಸಿದೆವು. ನಮ್ಮ ಕೋಡಿಯ ರಸ್ತೆಯಲ್ಲಿ ನೊರೆ ಗಾಳಿಗೆ ಹಾರಿ ಸ್ಕೂಟರಿನವರ ಮುಖಕ್ಕೆ ಹೊಡೆಯುತ್ತಿತ್ತು, ನೀನು ಬುರ್ಖಾದಷ್ಟು ದುಪಟ್ಟಾ ಸುತ್ತಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಅದೇ ಕೆರೆಯ ನೀರಿನಲ್ಲಿ ಅಜ್ಜ ಭತ್ತ ಬೆಳೆದಿದ್ದರು. ಆ ನೊರೆ ಯಾರದು ಅಂತ ಕೇಳಿದರೆ ಮನೆಮನೆಯ ಸೋಪಿನ ನೀರು, ಕಕ್ಕಸಿನ ನೀರು, ನಮ್ಮದೂ ಸೇರಿ. ಆರು ಚಿಮಣಿಗಳಾದರೆ ಎಣಿಸಬಹುದಿತ್ತು.

ಯೊಕ್ಕಾಯಿಚಿಯ ಆಕಾಶ ಇವತ್ತು ನೀಲಿಯಾಗಿದೆ. ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಕೂರಿಸಿದರು, ಇಡೀ ಪ್ರದೇಶಕ್ಕೆ ಇಷ್ಟೇ ಗಂಧಕ ಅಂತ ಒಟ್ಟು ಮಿತಿ ಹಾಕಿದರು. ರಾತ್ರಿ ಆ ಕಾರ್ಖಾನೆಗಳ ದೀಪ ನೋಡಲು ಪ್ರವಾಸಿಗರು ದೋಣಿಯಲ್ಲಿ ಬರುತ್ತಾರೆ. ಒಬಾಸಾನ್ ಮಾತ್ರ ಒಂದು ಸಲವೂ ಹೋಗಿಲ್ಲ. ಅವರ ತಮ್ಮ ಇಪ್ಪತ್ತು ದಾಟಲಿಲ್ಲ.

ಪುಟ್ಟನಿಗೆ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ, ಎರಡು ವಾರ ಹಿಡಿಯಬಹುದು. ಒಳಗೆ ರಬ್ಬರಿನ ಹೆಡೊರಾ ಇದೆ, ಕಪ್ಪು ಹಸಿರು, ಕೆಂಪು ಕಣ್ಣು. ಅದು ಏನು ತಿಂದು ಬೆಳೆಯಿತು ಅಂತ ಕೇಳಿದರೆ ಅವನನ್ನು ಕೋಡಿಯ ಹತ್ತಿರ ಕರೆದುಕೊಂಡು ಹೋಗು. ಈ ಮಳೆಗೆ ಅಲ್ಲಿ ನೊರೆ ಎದ್ದಿದೆಯಾ, ಹೂಳು ತೆಗೆದ ಮೇಲೆ ನೀರು ಹೇಗಿದೆ, ಕೊಕ್ಕರೆಗಳು ಬಂದಿವೆಯಾ? ಫೋಟೋ ಬೇಡ, ಕಂಡದ್ದನ್ನು ಕಂಡ ಹಾಗೆ ಬರಿ. ಒಬಾಸಾನ್ ಕೂಡ ಕೇಳಿದ್ದಾರೆ, ಅವರಿಗೆ ಓದಿ ಹೇಳಬೇಕು.

ಇಂತಿ ನಿನ್ನ ಪ್ರೀತಿಯ ತಮ್ಮ