ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲು ಕೇಳೋಣ

ಮಾನ್ಯ ಸಂಪಾದಕರೇ,

‘ಯಾವ ಆ್ಯಂಟಿವೈರಸ್ ಒಳ್ಳೆಯದು? ಯಾವ ಕ್ಲೌಡ್‌ನಲ್ಲಿ ಫೋಟೊ, ದಾಖಲೆ ಇಡಬಹುದು?’ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಐದಾರು ಹೆಸರುಗಳ ಪಟ್ಟಿ, ಪಕ್ಕದಲ್ಲಿ ನಕ್ಷತ್ರಗಳು. ಆ ಪಟ್ಟಿ ಬೇಗ ಹಳತಾಗುತ್ತದೆ. ಕಂಪನಿ ಕೈ ಬದಲಾಗುತ್ತದೆ, ಉಚಿತವಾಗಿದ್ದದ್ದಕ್ಕೆ ದುಡ್ಡು ಬೀಳುತ್ತದೆ, ನಿಯಮಗಳು ಸದ್ದಿಲ್ಲದೆ ತಿದ್ದುಪಡಿಯಾಗುತ್ತವೆ. ಓದುಗರಿಗೆ ಬೇಕಾದದ್ದು ತಾವೇ ಪರೀಕ್ಷಿಸಿ ನೋಡುವ ದಾರಿ. ಅದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಆದರೆ ಕತ್ತರಿಸಿದರೆ ಉಪಯೋಗಕ್ಕೆ ಬಾರದು.

ಆ್ಯಂಟಿವೈರಸ್ ಉಳಿದ ತಂತ್ರಾಂಶಗಳಂತಲ್ಲ. ತೆರೆಯುವ ಪ್ರತಿ ಫೈಲನ್ನೂ ಮೊದಲು ತಾನು ನೋಡಬೇಕಾದ್ದರಿಂದ ಅದು ಆಪರೇಟಿಂಗ್ ಸಿಸ್ಟಂನ ಒಡಲಿಗೇ ಇಳಿದು ಕೂರುತ್ತದೆ. ಅಲ್ಲಿ ತಪ್ಪಾದರೆ ಯಂತ್ರವೇ ನಿಲ್ಲುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಅದರಲ್ಲಿ ಯಾವ ಹ್ಯಾಕರ್‌ನ ಕೈವಾಡವೂ ಇರಲಿಲ್ಲ. ಇನ್ನೊಂದು ಬಗೆಯ ಅಪಾಯ ಬೇಲಿಯೇ ಎದ್ದು ಹೊಲ ಮೇಯುವಂಥದ್ದು. ಅವಾಸ್ಟ್ ಕಂಪನಿ ತನ್ನ ಆ್ಯಂಟಿವೈರಸ್ ಮತ್ತು ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಮೂಲಕ ಬಳಕೆದಾರರು ನೋಡಿದ ಜಾಲತಾಣಗಳ ವಿವರ ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯಿಂದ ಮಾರಿಸುತ್ತಿತ್ತು. 2020ರ ಜನವರಿಯಲ್ಲಿ ಸುದ್ದಿ ಹೊರಬಿದ್ದ ಮೇಲೆ ಜಂಪ್‌ಶಾಟ್ ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ತೆರುವಂತೆ ಹೇಳಿತು. ಇಲ್ಲಿ ಗಮನಿಸಬೇಕಾದ್ದು, ವೈರಸ್ ಹಿಡಿಯುವುದರಲ್ಲಿ ಆ ತಂತ್ರಾಂಶ ಹಿಂದೆ ಬಿದ್ದಿರಲಿಲ್ಲ. ಹಿಡಿಯುವ ಸಾಮರ್ಥ್ಯ ಬೇರೆ, ನಂಬಿಕೆ ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಸಾಮರ್ಥ್ಯವನ್ನು ತಿಳಿಯುವುದು ಸುಲಭ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್, ಬ್ರಿಟನ್ನಿನ ಎಸ್‌ಇ ಲ್ಯಾಬ್ಸ್ ಎಂಬ ಪ್ರಯೋಗಾಲಯಗಳು ಫಲಿತಾಂಶಗಳನ್ನು ಉಚಿತವಾಗಿ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಅನುಕೂಲ ಎಂಬ ಮೂರು ಬಾಬ್ತಿಗೆ ತಲಾ 6 ಅಂಕದಂತೆ ಒಟ್ಟು 18ಕ್ಕೆ ಅಂಕ ಕೊಡುತ್ತದೆ. ಒಂದೇ ಸುತ್ತಿನ ಫಲಿತಾಂಶ ನೋಡಿ ತೀರ್ಮಾನಿಸಬೇಡಿ, ಒಂದು ವರ್ಷದ ಸುತ್ತುಗಳನ್ನು ಸಾಲಾಗಿ ನೋಡಿ. ಶೇ 99.5 ಮತ್ತು ಶೇ 99.9ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಸುಳ್ಳು ಎಚ್ಚರಿಕೆಗಳ ಸಂಖ್ಯೆ ನೋಡುವುದು ಮುಖ್ಯ. ಒಳ್ಳೆಯ ಫೈಲನ್ನೂ ವೈರಸ್ ಎಂದು ಮೇಲಿಂದ ಮೇಲೆ ಕೂಗುವ ತಂತ್ರಾಂಶ ಇದ್ದರೆ ಜನ ಎಚ್ಚರಿಕೆಯನ್ನೇ ಓದದೆ ‘ಅಲೋ’ (ಅನುಮತಿಸು) ಒತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ನಿಜವಾದ ವೈರಸ್ ಬಂದ ದಿನವೂ ಕೈ ಅದನ್ನೇ ಒತ್ತುತ್ತದೆ.

ನಂಬಿಕೆಯ ಪರೀಕ್ಷೆಗೆ ಕಂಪನಿಯ ಪ್ರೈವೆಸಿ ಪಾಲಿಸಿಯನ್ನೂ ಬಳಕೆಯ ಷರತ್ತುಗಳನ್ನೂ ಓದಬೇಕು. ಪೂರ್ತಿ ಓದಲಾಗದಿದ್ದರೆ ‘ಬ್ರೌಸಿಂಗ್’, ‘ಥರ್ಡ್ ಪಾರ್ಟಿ’, ‘ರಿನ್ಯೂವಲ್’ ಎಂಬ ಮೂರು ಪದಗಳನ್ನು ಆ ಪುಟಗಳಲ್ಲಿ ಹುಡುಕಿ, ಅವುಗಳ ಹಿಂದು ಮುಂದಿನ ಸಾಲುಗಳನ್ನಾದರೂ ಓದಿ. ಏನು ಸಂಗ್ರಹಿಸುತ್ತಾರೆ, ಯಾರಿಗೆ ಕೊಡುತ್ತಾರೆ, ಎರಡನೇ ವರ್ಷ ಕೇಳದೆಯೇ ಹಣ ಕಡಿತವಾಗುತ್ತದೆಯೇ ಎಂಬುದು ಅಲ್ಲೇ ಇರುತ್ತದೆ. ಕಂಪನಿ ಯಾವ ದೇಶದ ಕಾನೂನಿಗೆ ಸೇರಿದ್ದು ಎಂಬುದೂ ಮುಖ್ಯ. 2024ರ ಜೂನ್‌ನಲ್ಲಿ ಅಮೆರಿಕ ತನ್ನಲ್ಲಿ ರಷ್ಯಾದ ಕ್ಯಾಸ್ಪರ್‌ಸ್ಕಿ ಆ್ಯಂಟಿವೈರಸ್ ಮಾರಾಟ ನಿಷೇಧಿಸಿತು, ಸೆಪ್ಟೆಂಬರ್ ಕೊನೆಗೆ ಅಪ್‌ಡೇಟ್‌ಗೂ ತಡೆ ಬಿತ್ತು. ಅಲ್ಲಿನ ಎಷ್ಟೋ ಬಳಕೆದಾರರ ಯಂತ್ರದಲ್ಲಿ ಅವರು ಕೇಳದೆಯೇ ಅಲ್ಟ್ರಾ ಎವಿ ಎಂಬ ಬೇರೊಂದು ಆ್ಯಂಟಿವೈರಸ್ ಬಂದು ಕೂತಿತು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅಪ್‌ಡೇಟ್ ನಿಂತ ಆ್ಯಂಟಿವೈರಸ್‌ನಿಂದ ಪ್ರಯೋಜನವಿಲ್ಲ ಎಂಬುದರಲ್ಲಿ ಮಾತ್ರ ಚರ್ಚೆಯಿಲ್ಲ.

ಮನೆಯ ವಿಂಡೋಸ್ 11 ಯಂತ್ರಕ್ಕೆ ಹಣ ಕೊಟ್ಟು ಬೇರೆಯದನ್ನು ಹಾಕಲೇಬೇಕೆಂದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಳಗೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ಆದರೆ ಅದರಲ್ಲಿ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ವಿರುದ್ಧದ ಒಂದು ಮುಖ್ಯ ರಕ್ಷಣೆ ಮೊದಲಿಗೆ ಆಫ್ ಆಗಿರುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು, ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಹೋಗಿ, ಕೆಳಗಿರುವ ‘ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒತ್ತಿ, ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಮಾಡಿ. ಆಮೇಲೆ ಅಪರಿಚಿತ ತಂತ್ರಾಂಶ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಫೈಲ್ ತಿದ್ದಲು ಹೋದರೆ ತಡೆ ಬೀಳುತ್ತದೆ. ಮೊದಲ ವಾರ ನಿಮ್ಮದೇ ಹಳೆಯ ಲೆಕ್ಕಪತ್ರದ ತಂತ್ರಾಂಶವೋ ಫೋಟೊ ಎಡಿಟರೋ ‘ಫೈಲ್ ಸೇವ್ ಆಗುತ್ತಿಲ್ಲ’ ಎಂದು ತಕರಾರು ಮಾಡಬಹುದು. ಆಗ ಗಾಬರಿಯಾಗಿ ರಕ್ಷಣೆಯನ್ನೇ ಆಫ್ ಮಾಡಬೇಡಿ, ಅದೇ ಪುಟದಲ್ಲಿ ಆ ಒಂದು ತಂತ್ರಾಂಶಕ್ಕೆ ಮಾತ್ರ ಅನುಮತಿ ಕೊಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಸುರಕ್ಷತಾ ಅಪ್‌ಡೇಟ್‌ಗೆ ನೋಂದಾಯಿಸದ ಯಂತ್ರದ ಮೇಲೆ ಎಷ್ಟು ದುಬಾರಿ ಆ್ಯಂಟಿವೈರಸ್ ಹಾಕಿದರೂ ಗೋಡೆ ಬಿರುಕು ಬಿಟ್ಟ ಮನೆಗೆ ಹೊಸ ಬಾಗಿಲು ಇಟ್ಟ ಹಾಗೆ.

ಬೇರೆಯದನ್ನು ಹಾಕುವವರು ಒಂದನ್ನೇ ಹಾಕಬೇಕು. ಎರಡು ಇದ್ದರೆ ಒಂದೇ ಫೈಲಿಗೆ ಇಬ್ಬರು ಕಾವಲುಗಾರರು ಕೈ ಹಾಕಿ ಯಂತ್ರ ಆಮೆಯಾಗುತ್ತದೆ. ಹಳೆಯದನ್ನು ಕಂಪನಿಯೇ ಕೊಡುವ ರಿಮೂವಲ್ ಟೂಲ್‌ನಿಂದ ಪೂರ್ತಿ ತೆಗೆದು, ರೀಸ್ಟಾರ್ಟ್ ಮಾಡಿ, ನಂತರ ಹೊಸದನ್ನು ಹಾಕಿ. ಡೌನ್‌ಲೋಡ್ ಕಂಪನಿಯ ಸ್ವಂತ ಜಾಲತಾಣದಿಂದಲೇ ಆಗಲಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬಲ್ಲಿ ಕಂಪನಿಯ ಹೆಸರಿದೆಯೇ ನೋಡಿ. ಇದೂ ಪೂರ್ಣ ಖಾತರಿಯಲ್ಲ. 2017ರಲ್ಲಿ ಯಂತ್ರದ ಕಸ ತೆಗೆಯುವ ಸಿಕ್ಲೀನರ್ ತಂತ್ರಾಂಶದ 5.33ನೇ ಆವೃತ್ತಿ ಸರಿಯಾದ ಸಹಿಯೊಂದಿಗೇ ಕುತಂತ್ರಾಂಶವನ್ನು ಹೊತ್ತು ಬಂದಿತ್ತು. ಆದರೂ ಸಹಿಯೇ ಇಲ್ಲದ ಫೈಲನ್ನು ದೂರವಿಡಲು ಈ ಒಂದು ನೋಟ ಸಾಕು. ಹಾಕಿದ ಮೇಲೆ ಅದು ಎಚ್ಚರವಾಗಿದೆಯೇ ಎಂದು ನೋಡಲು ಐಕಾರ್ ಸಂಸ್ಥೆಯ ಪರೀಕ್ಷಾ ಫೈಲ್ ಇದೆ. ಬರೀ 68 ಅಕ್ಷರಗಳ, ಏನೂ ಹಾನಿ ಮಾಡದ ಪಠ್ಯ. ಅದನ್ನು ಡೌನ್‌ಲೋಡ್ ಮಾಡಿದೊಡನೆ ಆ್ಯಂಟಿವೈರಸ್ ಕೂಗಬೇಕು. ಕೂಗದಿದ್ದರೆ ಅದು ನಿದ್ದೆಯಲ್ಲಿದೆ.

ಬ್ರೌಸರ್‌ನಲ್ಲಿ ‘ನಿಮ್ಮ ಯಂತ್ರದಲ್ಲಿ ಐದು ವೈರಸ್ ಸಿಕ್ಕಿವೆ’ ಎಂದು ಕೆಂಪಾಗಿ ಮಿನುಗುವ ಪುಟವನ್ನು ನಂಬಬೇಡಿ. ಯಾವ ಜಾಲಪುಟಕ್ಕೂ ನಿಮ್ಮ ಡಿಸ್ಕ್ ತಪಾಸಣೆ ಮಾಡುವ ಶಕ್ತಿಯಿಲ್ಲ. ಮೊಬೈಲ್ ವಿಷಯ ಎರಡೇ ಮಾತು: ಐಫೋನ್‌ನಲ್ಲಿ ಒಂದು ಆ್ಯಪ್ ಇನ್ನೊಂದರ ಒಳಗೆ ಇಣುಕುವಂತಿಲ್ಲ, ಹಾಗಾಗಿ ಅಲ್ಲಿ ‘ವೈರಸ್ ಸ್ಕ್ಯಾನ್’ ಎಂಬ ಮಾತಿಗೇ ಅರ್ಥವಿಲ್ಲ. ಆಂಡ್ರಾಯ್ಡ್‌ನ 250 ಆ್ಯಂಟಿವೈರಸ್ ಆ್ಯಪ್‌ಗಳನ್ನು 2019ರಲ್ಲಿ ಎವಿ-ಕಂಪ್ಯಾರೆಟಿವ್ಸ್ ಪರೀಕ್ಷಿಸಿದಾಗ, ಕೊಟ್ಟ ಕುತಂತ್ರಾಂಶಗಳಲ್ಲಿ ಒಂದೂ ಸುಳ್ಳು ಎಚ್ಚರಿಕೆ ಕೊಡದೆ ಶೇ 30ಕ್ಕಿಂತ ಹೆಚ್ಚು ಹಿಡಿದವು 80 ಮಾತ್ರ.

ಇನ್ನು ಕ್ಲೌಡ್. ‘ನಿಮ್ಮ ಫೈಲುಗಳು ಎಇಎಸ್-256 ಎನ್‌ಕ್ರಿಪ್ಷನ್‌ನಲ್ಲಿ ಸುರಕ್ಷಿತ’ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ, ಅದು ಸುಳ್ಳೂ ಅಲ್ಲ. ಎನ್‌ಕ್ರಿಪ್ಷನ್ ಎಂದರೆ ಕೀ ಇಲ್ಲದವರಿಗೆ ಓದಲಾಗದಂತೆ ಫೈಲನ್ನು ಸಂಕೇತವಾಗಿಸುವ ಬೀಗ. ಬೀಗ ಗಟ್ಟಿ ಇದೆ ಸರಿ, ಬೀಗದ ಕೈ ಯಾರ ಬಳಿ ಎಂಬುದು ಪ್ರಶ್ನೆ. ಕಂಪನಿಯ ಬಳಿಯೇ ಇದ್ದರೆ ಅದರ ಸಿಬ್ಬಂದಿಯ ತಪ್ಪು, ಸರ್ಕಾರದ ಆದೇಶ, ಹ್ಯಾಕರ್‌ನ ಕೈಚಳಕ ಯಾವುದರಿಂದಲೂ ಅದು ತೆರೆಯಬಹುದು. 2011ರ ಜೂನ್ 19ರಂದು ಡ್ರಾಪ್‌ಬಾಕ್ಸ್‌ನ ಒಂದು ಕೋಡ್ ದೋಷದಿಂದ ಸುಮಾರು ನಾಲ್ಕು ಗಂಟೆ ಕಾಲ ಯಾವ ಪಾಸ್‌ವರ್ಡ್ ಹಾಕಿದರೂ ಖಾತೆ ತೆರೆಯುತ್ತಿತ್ತು. ಕೈ ಯಾರ ಬಳಿ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಖಾಲಿ ಖಾತೆಯೊಂದನ್ನು ತೆರೆದು, ಒಂದು ಫೈಲ್ ಹಾಕಿ, ಸೈನ್ ಔಟ್ ಆಗಿ, ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ. ಇಮೇಲ್‌ಗೆ ಬಂದ ಲಿಂಕಿನಿಂದ ಹೊಸ ಪಾಸ್‌ವರ್ಡ್ ಇಟ್ಟಾಗ, ಬೇರೆ ಯಾವ ರಿಕವರಿ ಕೀಯನ್ನೂ (ನಿಮ್ಮ ಬಳಿ ಮಾತ್ರ ಇರುವ ಗುಪ್ತ ಸಂಕೇತ) ಕೇಳದೆ ಹಳೆಯ ಫೈಲ್ ಹಾಗೇ ತೆರೆದರೆ, ಕೈ ಕಂಪನಿಯ ಬಳಿ ಇದೆ. ಪ್ರೋಟಾನ್ ಡ್ರೈವ್, ಮೆಗಾದಂಥ ಸೇವೆಗಳಲ್ಲಿ ರಿಕವರಿ ಕೀ ಇಲ್ಲದೆ ಪಾಸ್‌ವರ್ಡ್ ಮರೆತರೆ ಹಳೆಯ ಫೈಲ್ ಸಿಗುವುದಿಲ್ಲ. ಅದು ಕೊರತೆಯಲ್ಲ, ಅವರು ಕೊಟ್ಟ ಮಾತಿನ ಬೆಲೆ. ಆ್ಯಪಲ್ ಕೂಡ 2022ರ ಡಿಸೆಂಬರ್‌ನಿಂದ ಐಕ್ಲೌಡ್‌ಗೆ ಇಂಥ ಆಯ್ಕೆ ಕೊಡುತ್ತಿದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ಮಾಡಿದರೂ ಮೇಲ್, ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಅದರೊಳಗೆ ಬರುವುದಿಲ್ಲ.

ಈಗಿರುವ ಸೇವೆಯನ್ನು ಬಿಡಲು ಇಷ್ಟವಿಲ್ಲದಿದ್ದರೆ ಫೈಲನ್ನು ನೀವೇ ಬೀಗ ಹಾಕಿ ಕಳಿಸಿ. ಕ್ರಿಪ್ಟೊಮೇಟರ್ ಇದಕ್ಕೆಂದೇ ಮಾಡಿದ ಮುಕ್ತ ತಂತ್ರಾಂಶ. ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡುವುದರಿಂದ ಒಂದು ಸಣ್ಣ ಫೈಲ್ ತಿದ್ದಿದರೆ ಅಷ್ಟೇ ಅಪ್‌ಲೋಡ್ ಆಗುತ್ತದೆ. ಹಲವು ಫೈಲುಗಳನ್ನು ಬೀಗ ಹಾಕಿದ ಒಂದೇ ದೊಡ್ಡ ಫೈಲಿನಲ್ಲಿ (ಕಂಟೇನರ್) ಇಡುವ ವೆರಾಕ್ರಿಪ್ಟ್ ಬಳಸುವವರು ಒಂದು ಮಾತು ನೆನಪಿಡಬೇಕು. ಒಳಗೆ ಏನೇ ಬದಲಾದರೂ ಕಂಟೇನರ್ ಫೈಲಿನ ದಿನಾಂಕವನ್ನು ಅದು ಹಳೆಯದಾಗಿಯೇ ಉಳಿಸುತ್ತದೆ. ದಿನಾಂಕ ಬದಲಾಗಿಲ್ಲವೆಂದು ಕೆಲವು ಕ್ಲೌಡ್ ಆ್ಯಪ್‌ಗಳು ಹೊಸ ಪ್ರತಿಯನ್ನು ಕಳಿಸುವುದೇ ಇಲ್ಲ. ಪ್ರಿಫರೆನ್ಸಸ್‌ನಲ್ಲಿ ‘ಪ್ರಿಸರ್ವ್ ಮಾಡಿಫಿಕೇಷನ್ ಟೈಮ್‌ಸ್ಟ್ಯಾಂಪ್’ ಎಂಬ ಗುರುತನ್ನು ತೆಗೆಯಿರಿ. ತೆಗೆಯದಿದ್ದರೆ ತಿಂಗಳುಗಟ್ಟಲೆ ‘ಸಿಂಕ್ ಆಗಿದೆ’ ಎಂಬ ಹಸಿರು ಗುರುತು ನೋಡುತ್ತಲೇ ಇರುತ್ತೀರಿ, ಮೇಲೆ ಹೋಗಿರುವುದು ಮಾತ್ರ ಮೊದಲ ದಿನದ ಪ್ರತಿ.

ಯಂತ್ರ ಮತ್ತು ಕ್ಲೌಡ್ ಎರಡನ್ನೂ ಒಂದೇ ರೀತಿ ಇಡುವ ಸಿಂಕ್ ಎಂದರೆ ಬ್ಯಾಕಪ್ ಅಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ಇಲ್ಲಿನ ಫೋಟೊಗಳನ್ನು ಕೆಡಿಸಿದರೆ ಕೆಟ್ಟ ಪ್ರತಿಯೇ ಮೇಲಕ್ಕೆ ಹೋಗುತ್ತದೆ. ಆಗ ಕೈ ಹಿಡಿಯುವುದು ಹಳೆಯ ಆವೃತ್ತಿಗಳು ಮಾತ್ರ, ಅವುಗಳಿಗೂ ಗಡುವಿದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ಖಾಲಿಯಾಗುತ್ತದೆ, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲಿ ಹಳೆಯ ಆವೃತ್ತಿ ಸಿಗುವುದೂ 30 ದಿನವೇ. ವರ್ಷಕ್ಕೊಮ್ಮೆ ತೆರೆಯುವ ಫೋಲ್ಡರ್ ಹಾಳಾದದ್ದು 31ನೇ ದಿನ ತಿಳಿದರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಸೇವೆ ಆಯ್ದುಕೊಳ್ಳುವಾಗ ಎಷ್ಟು ಜಿಬಿ ಎಂದು ಕೇಳುವ ಮೊದಲು ಎಷ್ಟು ದಿನದ ಹಳೆಯ ಆವೃತ್ತಿ ಎಂದು ಕೇಳಿ.

ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಮಾಡಿಕೊಳ್ಳುವವರೂ ಮೋಸ ಹೋಗುವ ಎರಡು ಜಾಗಗಳಿವೆ. ಒನ್‌ಡ್ರೈವ್‌ನಲ್ಲಿ ಫೈಲಿನ ಪಕ್ಕ ಮೋಡದ ಚಿಹ್ನೆ ಇದ್ದರೆ ಅದು ನಿಮ್ಮ ಯಂತ್ರದಲ್ಲಿ ಇಲ್ಲ, ಹೆಸರು ಮಾತ್ರ ಇದೆ. ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ, ಇಳಿದ ಮೇಲೆ ಪ್ರತಿ ಮಾಡಿ. ಹಾಗೆಯೇ ಗೂಗಲ್ ಡ್ರೈವ್ ಫೋಲ್ಡರಿನಲ್ಲಿ ಕಾಣುವ ಗೂಗಲ್ ಡಾಕ್ಸ್, ಶೀಟ್ಸ್ ಬರೀ ಕೊಂಡಿಗಳು. ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಬರುವುದು ವಿಳಾಸ, ಬರಹವಲ್ಲ. ಬರಹ ಬೇಕಾದರೆ ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಳ್ಳಬೇಕು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬುದು ಈ ಕ್ಷೇತ್ರದ ಹಳೆಯ ನಿಯಮ. ಅದನ್ನು ಪಾಲಿಸಿದವರಿಗೂ ಪಾಲಿಸದವರಿಗೂ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಎರಡು ಪ್ರಸಂಗಗಳಿವೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ಗೆ ಗೂಗಲ್ ಕ್ಲೌಡ್‌ನಲ್ಲಿ ಮೀಸಲಾಗಿದ್ದ ಸಂಗ್ರಹ ಒಂದು ತಪ್ಪು ಸೆಟ್ಟಿಂಗ್‌ನಿಂದ ಅಳಿಸಿಹೋಯಿತು. ಎರಡು ಕಡೆ ಇಟ್ಟಿದ್ದ ಪ್ರತಿಗಳೂ ಒಟ್ಟಿಗೇ ಹೋದವು. ಬೇರೊಂದು ಕಂಪನಿಯಲ್ಲಿ ಬ್ಯಾಕಪ್ ಇಟ್ಟಿದ್ದರಿಂದ ಎದ್ದು ನಿಂತಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು, ನೌಕರರ ಕಡತಗಳಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಎರಡನೇ ಪ್ರತಿ ಎರಡನೇ ಕಂಪನಿಯಲ್ಲಿರಲಿ, ಅಥವಾ ಕೇಬಲ್ ಕಳಚಿ ಕಪಾಟಿನಲ್ಲಿಟ್ಟ ಡಿಸ್ಕಿನಲ್ಲಿರಲಿ. ಸದಾ ಚುಚ್ಚಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ.

ಖಾತೆಗೆ ಎರಡು ಹಂತದ ಲಾಗಿನ್ ಇರಲಿ. ಎಸ್‌ಎಂಎಸ್ ಒಟಿಪಿಗಿಂತ ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಅಥವಾ ಬೆರಳಚ್ಚು, ಪಿನ್‌ನಿಂದ ತೆರೆಯುವ ಪಾಸ್‌ಕೀ ಮೇಲು, ಏಕೆಂದರೆ ನಿಮ್ಮ ನಂಬರನ್ನು ಬೇರೆ ಸಿಮ್‌ಗೆ ವರ್ಗಾಯಿಸಿಕೊಂಡವರಿಗೆ ಒಟಿಪಿಯೂ ಹೋಗುತ್ತದೆ. ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅವನ್ನು ಅದೇ ಕ್ಲೌಡ್‌ನಲ್ಲಿ ಇಟ್ಟರೆ ಮನೆಯ ಕೀಲಿಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತೆ. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು, ಹಳೆಯ ಫೋಟೊಗಳಿಗಾಗಿಯೇ ಇಟ್ಟುಕೊಂಡ ಖಾತೆಗೆ ಆಗಾಗ ಲಾಗಿನ್ ಆಗುತ್ತಿರಿ.

ಹಣ ಕಟ್ಟುವ ಮೊದಲು ಲೆಕ್ಕ ಹಾಕಿ: 200 ಜಿಬಿ ಕಳಿಸಲು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಎಡೆಬಿಡದೆ 44 ಗಂಟೆ ಬೇಕು. ಕಂಪನಿ ಬಿಟ್ಟು ಹೊರಡುವಾಗ ಅಷ್ಟನ್ನೂ ಮತ್ತೆ ಇಳಿಸಬೇಕು. ಹಾಗಾಗಿ ಎಲ್ಲವನ್ನೂ ತುಂಬುವ ಮೊದಲು ಒಂದು ಹಳೆಯ ಫೋಟೊ, 1 ಜಿಬಿ ಮೀರಿದ ಒಂದು ವಿಡಿಯೊ, ಕನ್ನಡದಲ್ಲಿ ಹೆಸರಿಟ್ಟ ಒಂದು ಫೈಲ್, ಈ ಮೂರನ್ನು ಮಾತ್ರ ಹಾಕಿ, ಬೇರೊಂದು ಯಂತ್ರದಲ್ಲಿ ಇಳಿಸಿ, ಗಾತ್ರ ಹೋಲಿಸಿ, ತೆರೆದು ನೋಡಿ. ಕನ್ನಡ ಹೆಸರನ್ನು ಬಿಡಬೇಡಿ. ಲಿನಕ್ಸ್ ಆಧಾರಿತ ಸಂಗ್ರಹಗಳಲ್ಲಿ ಫೈಲಿನ ಹೆಸರಿಗೆ ಸಾಮಾನ್ಯವಾಗಿ 255 ಬೈಟ್‌ಗಳ ಮಿತಿ ಇದೆ. ಅಲ್ಲಿ ಬಳಸುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತ ಚಿಹ್ನೆ, ಒತ್ತಕ್ಷರ ಕೂಡಿಸುವ ಕೊಂಡಿ ತಲಾ 3 ಬೈಟ್ ನುಂಗುತ್ತದೆ. ಅಂದರೆ ಚಿಹ್ನೆಗಳೂ ಸೇರಿ 85ಕ್ಕೆ ಹೆಸರು ಮುಗಿಯಿತು, ಎನ್‌ಕ್ರಿಪ್ಟ್ ಆದ ಹೆಸರು ಇನ್ನೂ ಉದ್ದವಾಗುತ್ತದೆ. ಮಿತಿ ಮೀರಿದ ಫೈಲನ್ನು ಕೆಲವು ಆ್ಯಪ್‌ಗಳು ಸುಮ್ಮನೆ ಬಿಟ್ಟು ಮುಂದಕ್ಕೆ ಹೋಗುತ್ತವೆ. ಅಪ್‌ಲೋಡ್ ಮುಗಿದ ಮೇಲೆ ಎರಡೂ ಕಡೆಯ ಫೈಲುಗಳ ಸಂಖ್ಯೆಯನ್ನು ಹೋಲಿಸಿ, ಕಡಿಮೆ ಬಂದರೆ ಮೊದಲು ಉದ್ದ ಹೆಸರಿನ ಫೈಲುಗಳನ್ನೇ ಹುಡುಕಿ.

ಇಂತಿ,
ಮಾಹಿತಿ ಸುರಕ್ಷತೆಯ ಕೆಲಸದಲ್ಲಿರುವ ಒಬ್ಬ ಓದುಗ