‘ಹೌದು’ ಎಂದರೆ ಸಾಕೇ?

ಮಾನ್ಯರೇ,

ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ‘ಬಿಆರ್‌ಎಸ್‌ಆರ್’ ಎಂಬ ಸುಸ್ಥಿರತೆ ವರದಿ (ಪರಿಸರ, ಸಮಾಜದ ಹೊಣೆಯ ಲೆಕ್ಕ) ಕೊಡಲೇಬೇಕು. ನನ್ನ ಬಳಿ ನಾಲ್ಕಾರು ಷೇರುಗಳಿವೆ ಎಂಬ ಅಧಿಕಾರದಿಂದ ಒಂದು ಕಂಪನಿಯ ವರದಿಯನ್ನು ಪೂರ್ತಿ ಓದಿದೆ. ಮುಖಪುಟದಲ್ಲಿ ನಮ್ಮ ಕಾಳಿ ನದಿಯ ಅಳಿವೆಯಂತಹದೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಚಿತ್ರ! ಒಳಗೆ ಮಾತ್ರ ನೀರಿನ ಲೆಕ್ಕ ಅರೆಬರೆ.

ಸುಸ್ಥಿರತೆಯ ನಿರ್ಧಾರಕ್ಕೆ ಆಡಳಿತ ಮಂಡಳಿಯ ಸಮಿತಿಯೋ ನಿರ್ದೇಶಕರೋ ಇದ್ದಾರೆಯೇ ಎಂಬ ಪ್ರಶ್ನೆಯೂ ಆ ನಮೂನೆಯಲ್ಲಿದೆ. ಉತ್ತರ ‘ಹೌದು’. ಆ ಸಮಿತಿ ಎಷ್ಟು ಸಲ ಸೇರಿತು, ಯಾವ ಅಂಕಿಯನ್ನು ಪ್ರಶ್ನಿಸಿತು ಎಂದು ಹುಡುಕಿ ಸೋತೆ. ಮಂಡಳಿ ಕೇಳದಿದ್ದರೆ ಕೆಳಗಿನವರು ಏಕೆ ಬರೆದಾರು? ವರದಿ ಕೊನೆಗೆ ಪ್ರಚಾರ ವಿಭಾಗದ ಪಾಲಾಗುತ್ತದೆ.

2013ರ ಕಂಪನಿ ಕಾಯ್ದೆಯಂತೆ ಷೇರುಪೇಟೆಯ ಕಂಪನಿಗಳ ಮಂಡಳಿಯಲ್ಲಿ ಮೂರನೇ ಒಂದು ಭಾಗವಾದರೂ ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿಯೊಂದಿಗೆ ಹಣಕಾಸಿನ ನಂಟಿಲ್ಲದವರು, ಇರಬೇಕು. ಲಾಭ–ನಷ್ಟದ ಪಟ್ಟಿಯನ್ನು ಕೆದಕುವಷ್ಟೇ ಹಟದಿಂದ ಅವರು ತ್ಯಾಜ್ಯನೀರಿನ ಪಟ್ಟಿಯನ್ನೂ ಕೆದಕಲಿ. ಕರಾವಳಿಯಲ್ಲಿ ಘಟಕವಿರುವ ಕಂಪನಿಗಳು ಆ ಪುಟಗಳನ್ನು ಕನ್ನಡದಲ್ಲೂ ಕೊಡಲಿ. ಏಡಿ, ಬಳಚು ಹಿಡಿದು ಬದುಕುವವರಿಗೆ ಇಂಗ್ಲಿಷ್ ಪಿಡಿಎಫ್ ಯಾತಕ್ಕೆ?

ಮುಂದಿನ ವಾರ್ಷಿಕ ಸಭೆಗೆ ಪ್ರಶ್ನೆ ಬರೆದಿಟ್ಟಿದ್ದೇನೆ. ಆನ್‌ಲೈನ್ ಸಭೆಯಲ್ಲಿ ಮೈಕ್ ಸಿಕ್ಕರೆ ಕೇಳುತ್ತೇನೆ.

– ಒಬ್ಬ ಸಣ್ಣ ಷೇರುದಾರ, ಕಾರವಾರ